ಮಕಾವ್ ಮತ್ತು ಸ್ಟ್ಯಾನ್ಲಿ ಹೋ: ಒಂದು ಗುತ್ತಿಗೆಯ ಲೆಕ್ಕ

ಸರ್ಕಾರಿ ಗುತ್ತಿಗೆಯ ಕರಾರು ಕೈಗೆ ಬಂದರೆ ನಮ್ಮಂಥ ಲೆಕ್ಕಪರಿಶೋಧಕರ ಕಣ್ಣು ಮೊದಲು ಹೋಗುವುದು ಸರ್ಕಾರಕ್ಕೆ ಕಟ್ಟಬೇಕಾದ ಹಣದ ಕಲಮಿಗೆ. ಹಣದ ಜೊತೆಗೆ ಇನ್ನೇನು ಮಾಡಿಕೊಡಬೇಕು ಅನ್ನುವ ಕಲಮನ್ನೂ ಅಷ್ಟೇ ಗಮನವಿಟ್ಟು ಓದಿ ಎಂದು ಕಿರಿಯರಿಗೆ ಹೇಳುತ್ತಿರುತ್ತೇನೆ. ಹಾಂಗ್‌ಕಾಂಗ್‌ನ ಉದ್ಯಮಿ ಸ್ಟ್ಯಾನ್ಲಿ ಹೋ ನಾಲ್ಕು ದಶಕ ಚೀನಾ ಕರಾವಳಿಯ ಪುಟ್ಟ ನಗರ ಮಕಾವ್‌ನ ಜೂಜನ್ನು ಒಬ್ಬರೇ ಹಿಡಿದಿಟ್ಟುಕೊಂಡ ಗುಟ್ಟು ಆ ಕಲಮಿನಲ್ಲಿದೆ.

ಮಕಾವ್ ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. 1847ರಿಂದಲೇ ಅಲ್ಲಿ ಜೂಜಿಗೆ ಕಾನೂನಿನ ಒಪ್ಪಿಗೆ ಇತ್ತು. ಹೋ, ಹೆನ್ರಿ ಫೋಕ್, ಟೆಡ್ಡಿ ಯಿಪ್, ಯಿಪ್ ಹೊನ್ ಸೇರಿ ಕಟ್ಟಿದ ಎಸ್‌ಟಿಡಿಎಂ ಕಂಪನಿ ಹಳೆಯ ಗುತ್ತಿಗೆದಾರರನ್ನು ಹಿಂದಿಕ್ಕಿ 1962ರಲ್ಲಿ ಏಕಸ್ವಾಮ್ಯ ಪಡೆಯಿತು. ಬಂದರಿನ ಹೂಳೆತ್ತಬೇಕು, ಹಾಂಗ್‌ಕಾಂಗ್‌ಗೆ ಒಳ್ಳೆಯ ದೋಣಿ ಸಂಚಾರ ಕೊಡಬೇಕು ಎಂಬ ಷರತ್ತುಗಳೂ ಜೊತೆಗಿದ್ದವು. ಇನ್ನೊಬ್ಬರಾಗಿದ್ದರೆ ಇದನ್ನು ಖರ್ಚಿನ ಬಾಬ್ತಿಗೆ ಬರೆದುಕೊಳ್ಳುತ್ತಿದ್ದರು, ಹೋ ಇದರಲ್ಲೇ ಗಳಿಕೆಯ ದಾರಿ ಕಂಡರು. ಹಾಂಗ್‌ಕಾಂಗ್‌ನಲ್ಲಿ ಕ್ಯಾಸಿನೊಗೆ ಅನುಮತಿ ಇಲ್ಲ, ಹಣವಿದ್ದ ಗಿರಾಕಿಗಳಿದ್ದದ್ದು ಅಲ್ಲೇ, ನಡುವೆ ಸುಮಾರು 60 ಕಿ.ಮೀ. ಸಮುದ್ರ. ಮೂರ್ನಾಲ್ಕು ಗಂಟೆಯ ಹಡಗಿನ ದಾರಿಯನ್ನು ನೀರಿನಿಂದ ಮೇಲೆದ್ದು ಓಡುವ ಹೈಡ್ರೊಫಾಯಿಲ್, ಆಮೇಲೆ ಜೆಟ್‌ಫಾಯಿಲ್ ದೋಣಿಗಳು ಒಂದು ಗಂಟೆಗೆ ಇಳಿಸಿದವು. 1970ರಲ್ಲಿ ಹೋ ಅವರ ಲಿಸ್ಬೋವಾ ಹೋಟೆಲ್ ತೆರೆಯಿತು, 1972ರಲ್ಲಿ ದೋಣಿ ಸಂಚಾರದ ಶುನ್ ತಾಕ್ ಕಂಪನಿ ಹುಟ್ಟಿತು. ಗಿರಾಕಿ ದೋಣಿ ಹತ್ತಿದಾಗಲೂ, ಕೋಣೆ ಹಿಡಿದಾಗಲೂ, ಆಟದ ಮೇಜಿಗೆ ಕೂತಾಗಲೂ ಹಣ ಸೇರುತ್ತಿದ್ದುದು ಹೋ ಅವರ ಕಡೆಗೇ.

ಅವರ ಕಾಲದಲ್ಲಿ ಬೇರೂರಿದ, ದೊಡ್ಡ ಪಣದ ಆಟಗಾರರಿಗೆ ಮೀಸಲಾದ ವಿಐಪಿ ಕೋಣೆಯ ಪದ್ಧತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1980ರ ದಶಕದ ನಡುವೆ ಶುರುವಾದದ್ದು ಇದು. ಜಂಕೆಟ್ ಎನ್ನುವ ದಲ್ಲಾಳಿ ಕ್ಯಾಸಿನೊದಿಂದ ‘ಡೆಡ್ ಚಿಪ್’ ಎಂಬ ಆಟದ ಬಿಲ್ಲೆ ಕೊಂಡು ಶ್ರೀಮಂತ ಆಟಗಾರನಿಗೆ ಸಾಲವಾಗಿ ಕೊಡುತ್ತಿದ್ದ. ಅದನ್ನು ನಗದು ಮಾಡಿಕೊಳ್ಳಲು ಬರುತ್ತಿರಲಿಲ್ಲ, ಪಣಕ್ಕಿಡಲು ಮಾತ್ರ ಬರುತ್ತಿತ್ತು. ಗೆದ್ದರೆ ಸಿಗುತ್ತಿದ್ದುದು ನಗದಾಗುವ ಚಿಪ್. ದಲ್ಲಾಳಿ ಅದನ್ನು ತೆಗೆದುಕೊಂಡು ಮತ್ತೆ ಡೆಡ್ ಚಿಪ್ ಕೈಗಿಡುತ್ತಿದ್ದ. ಹೀಗೆ ಎಷ್ಟು ಉರುಳಿತೋ ಅಷ್ಟರ ಮೇಲೆ ಅವನ ಕಮಿಷನ್. ಮುಂದೆ ಸರ್ಕಾರ ಇದಕ್ಕೆ ಶೇ 1.25ರ ಮಿತಿ ಹಾಕಿತು. ಈ ಆಟಗಾರರು ಬರುತ್ತಿದ್ದ ಚೀನಾದಿಂದ ಹಣ ಹೊರಗೆ ಒಯ್ಯಲು ಕಟ್ಟುಪಾಡಿದೆ, ಜೂಜಿನ ಸಾಲಕ್ಕೆ ಅಲ್ಲಿನ ಕೋರ್ಟಿನಲ್ಲಿ ಬೆಲೆಯಿಲ್ಲ. ಹಾಗಾಗಿ ಸಾಲ ಕೊಡುವುದು, ವಸೂಲು ಮಾಡುವುದು ಎರಡೂ ಕ್ಯಾಸಿನೊದ ಲೆಕ್ಕಪುಸ್ತಕದ ಹೊರಗೇ ನಡೆದವು. ಲೆಕ್ಕದ ಕಣ್ಣಿನಿಂದ ನೋಡಿದರೆ ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಅಪಾಯಕಾರಿ ಎನಿಸುವುದು ಇದೇ. ಕೋರ್ಟಿಲ್ಲದ ವಸೂಲಿ ಇರುವ ಕಡೆ ರೌಡಿಗಳ ಗುಂಪು ನುಸುಳದೆ ಇರುವುದಿಲ್ಲ. ಹೋ ಅವರಿಗೆ ಚೀನೀ ಅಪರಾಧ ಗುಂಪುಗಳ ನಂಟಿದೆ ಎಂದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಜೂಜು ನಿಯಂತ್ರಕರು ಆರೋಪಿಸಿದ್ದರು. ಹೋ ಅದನ್ನು ಕೊನೆಯವರೆಗೂ ಅಲ್ಲಗಳೆದರು.

1999ರ ಡಿಸೆಂಬರ್‌ನಲ್ಲಿ ಮಕಾವ್ ಚೀನಾಕ್ಕೆ ಮರಳಿತು. 2002ರಲ್ಲಿ ಏಕಸ್ವಾಮ್ಯ ಮುರಿದು, ಅಮೆರಿಕದ ಲಾಸ್ ವೇಗಸ್‌ನ ಕಂಪನಿಗಳೂ ಬಂದವು. 2006ರಲ್ಲಿ ಜೂಜಿನ ಆದಾಯದಲ್ಲಿ ಮಕಾವ್ ಲಾಸ್ ವೇಗಸ್‌ನ ಕ್ಯಾಸಿನೊ ಬೀದಿಯಾದ ಸ್ಟ್ರಿಪ್ಪನ್ನೇ ದಾಟಿತು. ಸ್ಪರ್ಧೆ ಬಂದರೂ ಮನೆತನ ಸೋಲಲಿಲ್ಲ: ಮಗಳು ಪ್ಯಾನ್ಸಿ ಅಮೆರಿಕದ ಎಂಜಿಎಂ ಕಂಪನಿಯ ಜೊತೆ ಪಾಲುದಾರಳಾದಳು, ಮಗ ಲಾರೆನ್ಸ್ ಮೆಲ್ಕೊ ಎಂಬ ಕ್ಯಾಸಿನೊ ಕಂಪನಿ ಬೆಳೆಸಿದ, ಹಳೆಯ ವ್ಯಾಪಾರ ನಡೆಸುವ ಎಸ್‌ಜೆಎಂ ಕಂಪನಿಗೆ ಇನ್ನೊಬ್ಬ ಮಗಳು ಡೈಸಿ ಅಧ್ಯಕ್ಷೆಯಾದಳು. ಹೋ 2020ರ ಮೇನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಬಿಟ್ಟುಹೋದ ಗುರುತು ಕಟ್ಟಡಗಳಿಗಿಂತ ಬಜೆಟ್ಟಿನಲ್ಲಿ ಹೆಚ್ಚು ಎದ್ದು ಕಾಣುತ್ತದೆ. ಜೂಜಿನ ಒಟ್ಟು ಆದಾಯದ ಮೇಲೆ ಶೇ 35 ತೆರಿಗೆ, ಇತರ ಕರಗಳೂ ಸೇರಿದರೆ ಶೇ 40ರ ಹತ್ತಿರ. ಒಳ್ಳೆಯ ವರ್ಷಗಳಲ್ಲಿ ಸರ್ಕಾರದ ವರಮಾನದ ಶೇ 80ರಷ್ಟು ಇದೊಂದರಿಂದಲೇ. 2008ರಿಂದ ನಾಗರಿಕರಿಗೆ ನೇರ ನಗದು ಹಂಚಿಕೆಯೂ ನಡೆದಿದೆ. 2019ರಿಂದ ಕಾಯಂ ನಿವಾಸಿಗೆ ವರ್ಷಕ್ಕೆ 10,000 ಪಟಾಕಾ (ಮಕಾವ್‌ನ ನಾಣ್ಯ), ಅಂದರೆ ಲಕ್ಷ ರೂಪಾಯಿಗೂ ಮೇಲು. ಮೇಜಿನಲ್ಲಿ ಎಲೆ ಹಂಚುವ ಡೀಲರ್ ಕೆಲಸ ಸ್ಥಳೀಯರಿಗೇ ಮೀಸಲು. ಕೈತುಂಬ ಸಂಬಳ ಸಿಗುವಾಗ ಬೇರೆ ಕಸುಬು ಕಲಿಯಲು ಯುವಕರಿಗೆ ಕಾರಣವೇ ಉಳಿಯುವುದಿಲ್ಲ, ನನ್ನನ್ನು ಬಹಳ ಕಾಡುವುದು ಈ ನಷ್ಟ.

ಕೋವಿಡ್ ಬಂದಾಗ ಜೂಜಿನ ಆದಾಯ 2019ರ ಸುಮಾರು 29,200 ಕೋಟಿ ಪಟಾಕಾದಿಂದ ಮರುವರ್ಷ ಸುಮಾರು 6,000 ಕೋಟಿಗೆ ಕುಸಿಯಿತು. ಹಿಂದಿನ ವರ್ಷಗಳಲ್ಲಿ ಕೂಡಿಟ್ಟ ಮೀಸಲು ನಿಧಿ ಇಲ್ಲದಿದ್ದರೆ ಸರ್ಕಾರದ ಕೈ ಬರಿದಾಗುತ್ತಿತ್ತು. 2023ರ ಜನವರಿಯಿಂದ ಜಾರಿಗೆ ಬಂದ ಹತ್ತು ವರ್ಷದ ಹೊಸ ಗುತ್ತಿಗೆಯಲ್ಲಿ ಆರು ಕಂಪನಿಗಳು 10,000 ಕೋಟಿ ಪಟಾಕಾಗೂ ಹೆಚ್ಚು ಬಂಡವಾಳ ಹಾಕಲು ಒಪ್ಪಿವೆ, ಬಹುಪಾಲು ಜೂಜೇತರ ಕೆಲಸಗಳಿಗೆ. ಹೋ ಕಾಲದ ಷರತ್ತು ಗಿರಾಕಿಯನ್ನು ಮೇಜಿಗೆ ತರುತ್ತಿತ್ತು, ಆದ್ದರಿಂದ ಕಂಪನಿ ಅದನ್ನು ಮನಸ್ಸಿಟ್ಟು ನಡೆಸಿತು. ಮೇಜಿನಿಂದ ದೂರ ಒಯ್ಯುವ ಖರ್ಚನ್ನೂ ಅಷ್ಟೇ ಮನಸ್ಸಿಟ್ಟು ಮಾಡುವಂತೆ ನೋಡಿಕೊಳ್ಳುವುದು ಸರ್ಕಾರದ ಲೆಕ್ಕಪರಿಶೋಧಕರ ಕೆಲಸ.