ಸಿ.ಟಿ. ಸ್ಕ್ಯಾನಿಗೆ ವಾರ್ಷಿಕ ಕೋಟಾ ಇಲ್ಲ

‘ವರ್ಷಕ್ಕೆ ಎಷ್ಟು ಸಲ ಸಿ.ಟಿ. ಮಾಡಿಸಬಹುದು ಡಾಕ್ಟ್ರೇ?’ ಎಂದು ಕೇಳುವವರಿಗೆ, ರೋಗಿಗಳಿಗೆ ಅಂಥ ಮಿತಿಯೇ ಇಲ್ಲ ಎಂದು ಹೇಳಿದರೆ, ಆಸ್ಪತ್ರೆಯ ಆದಾಯಕ್ಕಾಗಿ ನಾನೇನೋ ಮುಚ್ಚಿಡುತ್ತಿದ್ದೇನೆ ಎಂಬ ಅನುಮಾನ ಅವರ ಮುಖದಲ್ಲಿ ಮೂಡುತ್ತದೆ. ಅವರು ಮೊಬೈಲಿನಲ್ಲಿ ಓದಿಕೊಂಡು ಬಂದಿರುವ 20 ಮಿಲಿಸೀವರ್ಟ್ (ಸಿ.ಟಿ.ಯ ಎಕ್ಸ್-ಕಿರಣದಂಥ ವಿಕಿರಣ ಮೈಗೆಷ್ಟು ತಗಲಿತೆಂದು ಅಳೆಯುವ ಮಾನ) ಎಂಬ ಅಂಕಿ ಸುಳ್ಳಲ್ಲ, ಆದರೆ ಅದು ಅವರಿಗೆ ಸಂಬಂಧಿಸಿದ್ದಲ್ಲ. ತಗಲಿದ ವಿಕಿರಣದ ಲೆಕ್ಕವಿಡುವ ಟಿ.ಎಲ್.ಡಿ. ಬ್ಯಾಡ್ಜನ್ನು ಎದೆಯ ಮೇಲೆ ಸಿಕ್ಕಿಸಿಕೊಂಡು ದುಡಿಯುವ ನಮ್ಮ ಟೆಕ್ನಿಷಿಯನ್‌ಗಳಂಥವರಿಗೆ, ಐದು ವರ್ಷಗಳ ಸರಾಸರಿಯಾಗಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಧಿಸಿರುವ ವಾರ್ಷಿಕ ಮಿತಿ ಅದು. ಅವರ ಮೈಮೇಲೆ ಬೀಳುವ ವಿಕಿರಣದಿಂದ ಅವರ ಯಾವ ಕಾಯಿಲೆಯೂ ಪತ್ತೆಯಾಗುವುದಿಲ್ಲ, ಆದ್ದರಿಂದ ಮಿತಿ ಬೇಕು. ರೋಗಿಯ ವಿಷಯದಲ್ಲಿ ಅಪಾಯವೂ ಲಾಭವೂ ಒಬ್ಬರದೇ ಆಗಿರುವುದರಿಂದ, ಪ್ರತಿಯೊಂದು ಪರೀಕ್ಷೆಯನ್ನೂ ಆ ಹೊತ್ತಿನ ಅಗತ್ಯದ ಮೇಲೆ ತೂಗಬೇಕಾಗುತ್ತದೆಯೇ ಹೊರತು, ಪಡಿತರ ಚೀಟಿಯ ಅಕ್ಕಿಯಂತೆ ಇಂತಿಷ್ಟೇ ಎಂದು ಅಳೆದುಕೊಡಲು ಬರುವುದಿಲ್ಲ.

ಒಮ್ಮೆ ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಜ್ವರ ಮತ್ತು ಬಲಗಡೆಯ ಕಿಬ್ಬೊಟ್ಟೆ ನೋವಿನಿಂದ ಕರೆತಂದಿದ್ದರು. ಅಪೆಂಡಿಕ್ಸ್ ಒಡೆದಿರಬಹುದೆಂದು ಸರ್ಜನ್ನರಿಗೆ ಶಂಕೆ. ಕರುಳಿನ ಗ್ಯಾಸ್ ಅಡ್ಡ ಬಂದು ಅಲ್ಟ್ರಾಸೌಂಡಿನಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಮಗ ಮಾತ್ರ ಸಿ.ಟಿ.ಗೆ ಒಪ್ಪಲೊಲ್ಲ. ಮೂತ್ರಪಿಂಡದ ಕಲ್ಲಿಗೆಂದು ಆ ವರ್ಷ ಎರಡು ಸಿ.ಟಿ. ಆಗಿದ್ದವು, ಒಂದಕ್ಕೆ ಹತ್ತರಂತೆ ಕೂಡಿಸಿ, ‘ಅಪ್ಪಂದು ಈ ವರ್ಷದ್ದು ಮುಗೀತು ಸರ್, ಜನವರಿಗೆ ನೋಡೋಣ’ ಎಂದ. ದೇಹವೇನು ಜನವರಿಗೊಮ್ಮೆ ಹೊಸ ಖಾತೆ ತೆರೆಯುತ್ತದೆಯೇ?

ಅವನಿಗೆ ಹೇಳಿದ ಲೆಕ್ಕವನ್ನು ಇಲ್ಲಿಯೂ ಹೇಳುತ್ತೇನೆ. ಹೊಟ್ಟೆಯ ಸಿ.ಟಿ.ಯೊಂದರ ಪ್ರಮಾಣ, ಯಂತ್ರ ಮತ್ತು ವಿಧಾನಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾದರೂ, ಸುಮಾರು 10 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಜಾಗತಿಕ ಸರಾಸರಿಯಲ್ಲಿ 2.4 ಮಿಲಿಸೀವರ್ಟಿನಷ್ಟು ವಿಕಿರಣ ಹೇಗೂ ಬರುತ್ತದೆ. ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕುಳಿದವರ ಅಧ್ಯಯನಗಳನ್ನು ಮುಖ್ಯವಾಗಿ ಆಧರಿಸಿದ ಅಂದಾಜಿನಂತೆ, 10 ಮಿಲಿಸೀವರ್ಟಿನಿಂದ ಮುಂದೆಂದಾದರೂ ಮಾರಕ ಕ್ಯಾನ್ಸರ್ ತಗಲುವ ಹೆಚ್ಚುವರಿ ಸಾಧ್ಯತೆ ಸರಿಸುಮಾರು ಎರಡು ಸಾವಿರದಲ್ಲಿ ಒಂದು. ದೊಡ್ಡ ಪ್ರಮಾಣಗಳಲ್ಲಿ ಕಂಡದ್ದನ್ನು ಸಣ್ಣ ಪ್ರಮಾಣಕ್ಕೆ ಇಳಿಸಿ ಮಾಡಿದ ಅಂದಾಜಾದ್ದರಿಂದ ಅದನ್ನು ಒಬ್ಬ ವ್ಯಕ್ತಿಯ ಭವಿಷ್ಯವೆಂದು ಓದಬಾರದು. ಅಂಥ ಕ್ಯಾನ್ಸರ್ ತಲೆದೋರಲು ಸಾಮಾನ್ಯವಾಗಿ ವರ್ಷಗಳು, ಹಲವೊಮ್ಮೆ ದಶಕಗಳೇ ಬೇಕಾಗುವುದರಿಂದ ಎಪ್ಪತ್ತು ದಾಟಿದವರಿಗೆ ಅದು ಇನ್ನೂ ಕಡಿಮೆ. ಹೊಟ್ಟೆಯೊಳಗಿನ ಕೀವು ಅಷ್ಟು ಕಾಯುವುದಿಲ್ಲ. ಕೊನೆಗೆ ಮಗ ಒಪ್ಪಿದ; ಕೀವು ಕಟ್ಟಿದ್ದು ಸಿ.ಟಿ.ಯಲ್ಲಿ ಕಂಡಿತು, ಅದೇ ರಾತ್ರಿ ಶಸ್ತ್ರಚಿಕಿತ್ಸೆಯಾಯಿತು.

ಎರಡು ತಿಂಗಳಾದ ಮೇಲೆ ಅದೇ ಹುಡುಗ, ಯಾವ ತೊಂದರೆಯೂ ಇಲ್ಲದೆ, ತನಗೊಂದು ಪೂರ್ತಿ ಮೈ ಸಿ.ಟಿ. ಬೇಕೆಂದು ಬಂದ: ‘ನನ್ನ ಕೋಟಾ ಹಾಗೇ ಇದೆಯಲ್ಲ ಸರ್!’ ಪ್ರೀತಿಯ ಹುಡುಗ, ಆದರೂ ತಲೆ ಚಚ್ಚಿಕೊಳ್ಳುವಂತಾಯಿತು. ಬೇಕಾದಾಗ ಬೇಡವೆನ್ನಿಸುವ ಈ ಕೋಟಾ, ಬೇಡವಾದಾಗ ಬೇಕೆನ್ನಿಸುತ್ತದೆ. ಮಕ್ಕಳ ವಿಷಯದಲ್ಲಿ ಇದು ಇನ್ನೂ ಕೆಟ್ಟದ್ದು, ಏಕೆಂದರೆ ಅವರ ಅಂಗಾಂಶಗಳು ಹೆಚ್ಚು ಸೂಕ್ಷ್ಮ, ಮುಂದಿರುವ ಆಯುಸ್ಸೂ ದೀರ್ಘ. ಮಂಚದಿಂದ ಬಿದ್ದ ಮಗುವನ್ನು ಪರೀಕ್ಷಿಸಿದ ವೈದ್ಯರು ಕೆಲವು ಗಂಟೆ ಗಮನಿಸೋಣ ಎಂದರೆ, ‘ಇದೇ ಮೊದಲನೇ ಸ್ಕ್ಯಾನು ತಾನೇ’ ಎಂದು ದಯವಿಟ್ಟು ಒತ್ತಾಯಿಸಬೇಡಿ. ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ, ಎಕ್ಸ್-ಕಿರಣವಿಲ್ಲದ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಸಾಕಾಗುತ್ತದೆಯೇ ಎಂದು ಧಾರಾಳವಾಗಿ ಕೇಳಿ. ಬರುವಾಗ ಹಳೆಯ ಸ್ಕ್ಯಾನಿನ ಸಿ.ಡಿ.ಯನ್ನೂ ತನ್ನಿ, ರಿಪೋರ್ಟಿನ ಹಾಳೆಯೊಂದನ್ನೇ ತಂದರೆ ನನಗೆ ಚಿತ್ರ ಕಾಣುವುದಿಲ್ಲ.