ಹೆಸರು ಅಳಿದರೂ ಸಂತೆ ಉಳಿದ ಕ್ರೇವನ್

2023ರ ಏಪ್ರಿಲ್ 1ರಂದು ಇಂಗ್ಲೆಂಡಿನ ಕ್ರೇವನ್ ಜಿಲ್ಲಾ ಕೌನ್ಸಿಲ್ ರದ್ದಾಯಿತು. ಅದರ ಕೆಲಸಗಳೆಲ್ಲ ನಾರ್ತ್ ಯಾರ್ಕ್‌ಶೈರ್ ಕೌನ್ಸಿಲ್‌ಗೆ ಸೇರಿದವು. ಜಿಲ್ಲೆಗೆ ಆಗ ತುಂಬಿದ್ದು 49 ವರ್ಷ ಮಾತ್ರ. ಕ್ರೇವನ್ ಎಂಬ ಹೆಸರು ಮಾತ್ರ 1086ರಲ್ಲಿ ಇಂಗ್ಲೆಂಡಿನ ರಾಜ ಮಾಡಿಸಿದ ಜಮೀನು ಲೆಕ್ಕದ ಡೂಮ್ಸ್‌ಡೇ ದಾಖಲೆಯಲ್ಲಿಯೇ ಇದೆ.

ಈ ಸೀಮೆಯನ್ನು ಸರ್ಕಾರಕ್ಕಿಂತ ಮೊದಲು ರೂಪಿಸಿದ್ದು ಬೆಟ್ಟ. ಉತ್ತರ ಇಂಗ್ಲೆಂಡಿನ ಬೆನ್ನೆಲುಬಿನಂತಿರುವ ಪೆನೈನ್ ಸಾಲು ಇಲ್ಲಿ ಕೊಂಚ ತಗ್ಗುತ್ತದೆ. ಆ ಕಣಿವೆದಾರಿಗೆ ಏರ್ ಗ್ಯಾಪ್ ಎಂದು ಹೆಸರು. ಮಾಲಮ್ ಬಳಿ ಹುಟ್ಟುವ ಏರ್ ನದಿಯ ನೀರು ಪೂರ್ವದ ಸಮುದ್ರ ಸೇರುತ್ತದೆ. ಸೆಟಲ್ ಊರನ್ನು ಹಾದುಹೋಗುವ ರಿಬಲ್ ಪಶ್ಚಿಮಕ್ಕೆ ಹರಿಯುತ್ತದೆ. ಸುಣ್ಣಕಲ್ಲಿನ ಮೇಲೆ ತೆಳುವಾದ ಮಣ್ಣು, ಮೇಲಿಂದ ಬಿಡದ ಮಳೆ. ಹುಲ್ಲು ಹುಲುಸಾಗಿ ಬೆಳೆಯುತ್ತದೆ, ಕಾಳುಕಡ್ಡಿ ಅಷ್ಟಕ್ಕಷ್ಟೆ. ಕುರಿ ಮಾರಿ ಧಾನ್ಯ ಕೊಳ್ಳಬೇಕಾದ ಜನಕ್ಕೆ ಸಂತೆಯಿಲ್ಲದೆ ಬದುಕಿಲ್ಲ. ದೊಡ್ಡ ಪೇಟೆ ಸ್ಕಿಪ್ಟನ್‌ನ ಹೆಸರಿನ ಅರ್ಥವೇ ಕುರಿಗಳ ಊರು.

ಆದರೆ ಮನಬಂದಲ್ಲಿ ಸಂತೆ ಕಟ್ಟುವಂತಿರಲಿಲ್ಲ, ಅದಕ್ಕೆ ರಾಜನ ಸನದು ಬೇಕಿತ್ತು. ಸ್ಕಿಪ್ಟನ್‌ಗೆ ಅದು 1204ರಲ್ಲಿ, ಸೆಟಲ್‌ಗೆ 1249ರಲ್ಲಿ ಸಿಕ್ಕಿತು. ಆ ಶತಮಾನದ ಕಾನೂನು ಪಂಡಿತರ ಲೆಕ್ಕಾಚಾರ ಸೊಗಸಾಗಿದೆ: ಮನುಷ್ಯನ ದಿನದ ನಡಿಗೆ 20 ಮೈಲಿ, ದಿನದ ಮೂರನೆಯ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ವ್ಯಾಪಾರಕ್ಕೆ, ಇನ್ನೊಂದು ಕತ್ತಲಾಗುವ ಮೊದಲು ಮನೆ ಸೇರುವುದಕ್ಕೆ. ಹಾಗಾಗಿ ಹಳೆಯ ಸಂತೆಗೆ 20 ಮೈಲಿಯ ಮೂರನೆಯ ಒಂದು ಪಾಲು, ಅಂದರೆ ಸುಮಾರು 6.67 ಮೈಲಿಗಿಂತ ತುಸು ಹತ್ತಿರದಲ್ಲಿ ಹೊಸ ಸಂತೆ ಎದ್ದರೂ ತಕರಾರು ಹೂಡಬಹುದಿತ್ತು. ನಕ್ಷೆ ಬರೆದವನಿಗಿಂತ ಕಾಲು ಸವೆಸಿದವನ ಮಾತಿಗೆ ಬೆಲೆಯಿದ್ದ ಕಾಲ ಅದು.

ಮುಂದೆ ಬಂದವರೂ ಅದೇ ತಗ್ಗನ್ನು ಹುಡುಕಿಕೊಂಡು ಬಂದರು. ಲೀಡ್ಸ್–ಲಿವರ್‌ಪೂಲ್ ಕಾಲುವೆ 1773ರಲ್ಲಿ ಸ್ಕಿಪ್ಟನ್ ಮುಟ್ಟಿತು. ದೋಣಿಗಳಲ್ಲಿ ಸುಣ್ಣಕಲ್ಲು ಹೊರಕ್ಕೆ ಹೋಯಿತು, ಕಲ್ಲಿದ್ದಲು ಒಳಕ್ಕೆ ಬಂತು. 1847ರಲ್ಲಿ ರೈಲು ಬಂತು. ಸೆಟಲ್‌ನಿಂದ ಕಾರ್ಲೈಲ್‌ಗೆ ಬೆಟ್ಟ ಕೊರೆದು ಹಾಕಿದ ಮಾರ್ಗದಲ್ಲಿ 1876ರಲ್ಲಿ ಪ್ರಯಾಣಿಕರ ಸಂಚಾರ ಆರಂಭವಾಯಿತು. ನೂರು ವರ್ಷ ಕಳೆದ ಮೇಲೆ ಅದನ್ನು ಮುಚ್ಚಲು ಹೊರಟ ಸರ್ಕಾರ, ಜನರ ಹಟಕ್ಕೆ ಮಣಿದು 1989ರಲ್ಲಿ ಹಿಂದೆ ಸರಿಯಿತು.

ಗಡಿ ಎಳೆಯುವವರಿಗೆ ಈ ನಡಿಗೆಯ ಲೆಕ್ಕ ಹಿಡಿಸಲಿಲ್ಲವೇನೋ. 1974ರಲ್ಲಿ ಕ್ರೇವನ್ ಜಿಲ್ಲೆಯಾದಾಗ, ಅದೇ ಹಳೆಯ ಸೀಮೆಗೆ ಸೇರಿದ್ದ ಬಾರ್ನೋಲ್ಡ್ಸ್‌ವಿಕ್ ಮತ್ತು ಅರ್ಬಿ ಊರುಗಳನ್ನು ಬಿಡಿಸಿ ಪಕ್ಕದ ಲ್ಯಾಂಕಾಶೈರ್‌ಗೆ ಹಾಕಿದರು. ತಲೆಮಾರುಗಳಿಂದ ಯಾರ್ಕ್‌ಶೈರಿನವರಾಗಿದ್ದವರು ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ನೆರೆಯವರಾಗಿದ್ದರು!

ಸ್ಕಿಪ್ಟನ್‌ನ ಜಾನುವಾರು ಹರಾಜು ಈಗ ಊರಂಚಿಗೆ ಸರಿದಿದೆ. ಕೋಟೆಯಿಂದ ಇಳಿಯುವ ಅಗಲವಾದ ಪೇಟೆಬೀದಿಯಲ್ಲಿ, ಹಾಸುಗಲ್ಲಿನ ಮೇಲೆ, ತರಕಾರಿ ಮತ್ತು ಬಟ್ಟೆಯ ಅಂಗಡಿಗಳು ಏಳುತ್ತವೆ. ಸೆಟಲ್‌ನಲ್ಲಿ ಸಂತೆ ಮಂಗಳವಾರ.