ಯಂತ್ರದ ಆ ಒರಟು ದನಿ ಇಂದಿಗೂ ಏಕೆ ಪ್ರಿಯ?

ಪ್ರಶ್ನೆ: ಮನುಷ್ಯರಂತೆಯೇ ಮಾತನಾಡುವ ಕಂಪ್ಯೂಟರ್ ದನಿಗಳು ಈಗ ಫೋನಿನಲ್ಲೇ ಸಿಗುತ್ತವೆ. ಹಾಗಿದ್ದೂ ಬಹುಕಾಲದಿಂದ ಕಂಪ್ಯೂಟರ್ ಬಳಸುತ್ತಿರುವ ಅಂಧರಲ್ಲಿ ಅನೇಕರು 1980ರ ದಶಕದ ಒರಟು ದನಿಗಳನ್ನು ಅಕ್ಕರೆಯಿಂದ ನೆನೆಯುತ್ತಾರೆ. ಕೆಲವರು ಇಂದಿಗೂ ಅಂಥ ದನಿಯನ್ನೇ ಬಳಸುತ್ತಾರೆ. ಇದಕ್ಕೆ ಕಾರಣವೇನು?

ಉತ್ತರ: ಹಳೆಯದರ ಮೇಲಿನ ಮೋಹವೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಇಲ್ಲಿ ನೆನಪೂ ಇದೆ, ಕಿವಿಗೆ ಸಂಬಂಧಿಸಿದ ಗಟ್ಟಿಯಾದ ಕಾರಣವೂ ಇದೆ.

ಮೊದಲು ನೆನಪಿನ ಮಾತು. ಕಂಪ್ಯೂಟರ್ ಮಾತನಾಡುವುದಕ್ಕೆ ಮುಂಚೆ ಅಂಧ ವಿದ್ಯಾರ್ಥಿಗೆ ಬರವಣಿಗೆಯ ದಾರಿಗಳು ಮುಖ್ಯವಾಗಿ ಎರಡಿದ್ದವು. ಬ್ರೈಲ್‌ನಲ್ಲಿ ಬರೆದರೆ ತಾನು ಓದಿಕೊಳ್ಳಬಹುದಿತ್ತು, ಆದರೆ ಬ್ರೈಲ್ ಬಾರದ ಅಧ್ಯಾಪಕರು ಓದುವಂತಿರಲಿಲ್ಲ. ಟೈಪ್‌ರೈಟರ್‌ನಲ್ಲಿ ಬರೆದರೆ ಅಧ್ಯಾಪಕರು ಓದಬಹುದಿತ್ತು, ಬರೆದವರು ಮಾತ್ರ ಓದುವಂತಿರಲಿಲ್ಲ. ನಡುವೆ ಯಾರೋ ಕರೆದು, ಮರಳಿ ಬಂದು ಕುಳಿತರೆ ವಾಕ್ಯ ಎಲ್ಲಿ ನಿಂತಿತ್ತೆಂದು ತಿಳಿಯಲು ಇನ್ನೊಬ್ಬರ ಕಣ್ಣು ಬೇಕಿತ್ತು. ಮಾತನಾಡುವ ಕಂಪ್ಯೂಟರ್ ಈ ಎರಡು ದಾರಿಗಳನ್ನೂ ಒಂದುಗೂಡಿಸಿತು. ತಾನು ಬರೆದದ್ದನ್ನು ತಾನೇ ಕೇಳಿಸಿಕೊಂಡು, ತಪ್ಪಿದ ಅಕ್ಷರವನ್ನು ತಾನೇ ತಿದ್ದಿ, ಎಲ್ಲರೂ ಓದುವಂತೆ ಮುದ್ರಿಸಿ ಕೊಡುವುದು ಸಾಧ್ಯವಾಯಿತು. ಅದನ್ನು ಮೊದಲು ಸಾಧ್ಯಮಾಡಿದ ದನಿ ಎಷ್ಟೇ ಒರಟಾಗಿದ್ದರೂ ಮನಸ್ಸಿನಲ್ಲಿ ಉಳಿಯದೆ ಹೋದೀತೇ?

ಅಮೆರಿಕದಲ್ಲಿ ಆಪಲ್ 2 ಕಂಪ್ಯೂಟರಿನೊಳಗೆ ಸೇರಿಸುತ್ತಿದ್ದ 'ಎಕೋ' ಕಾರ್ಡಿನ ಮೂಲಕ ಅನೇಕರು ಇಂಥ ದನಿಯನ್ನು ಮೊದಲು ಕೇಳಿದರು. 1984ರ ಸುಮಾರಿಗೆ ಬಂದ 'ಡೆಕ್‌ಟಾಕ್' ಎಂಬ ಮಾತಿನ ಯಂತ್ರ ಅದಕ್ಕಿಂತ ಬಹಳ ಸ್ಪಷ್ಟವಾಗಿತ್ತು. ಆದರೆ ಕಂಪ್ಯೂಟರಿಗೆ ಕೇಬಲ್‌ನಿಂದ ಜೋಡಿಸುವ ಆ ಪೆಟ್ಟಿಗೆಯ ಬೆಲೆ ಸುಮಾರು 4,000 ಡಾಲರ್ ಇತ್ತು. ಅದರ ಹಿಂದಿದ್ದುದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೆನ್ನಿಸ್ ಕ್ಲ್ಯಾಟ್ ಅವರ ಸಂಶೋಧನೆ. 'ಪರ್ಫೆಕ್ಟ್ ಪಾಲ್' ಎಂಬ ಅದರ ಮುಖ್ಯ ದನಿಗೆ ಅವರದೇ ಕಂಠದ ಅಳತೆಗಳು ಆಧಾರ. ಮಾತು ಕಳೆದುಕೊಂಡಿದ್ದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಯಂತ್ರದ ದನಿಯ ಮೂಲವೂ ಕ್ಲ್ಯಾಟ್ ಅವರ ಕೆಲಸದಲ್ಲೇ ಇದೆ.

ಇನ್ನು ಕಿವಿಯ ಕಾರಣ. ನಾವು ಮಾತನಾಡುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುತ್ತವೆ. ಬಾಯಿ, ನಾಲಿಗೆ, ತುಟಿಗಳ ಆಕಾರ ಬದಲಾದಂತೆ ಕೆಲವು ಕಂಪನಾಂಕಗಳು ಹೆಚ್ಚು ಗಟ್ಟಿಯಾಗಿ ಕೇಳಿ 'ಅ', 'ಇ', 'ಉ'ಗಳು ಬೇರೆಬೇರೆಯಾಗುತ್ತವೆ. ಡೆಕ್‌ಟಾಕ್ ಯಾರ ಮಾತನ್ನೂ ಮುದ್ರಿಸಿಟ್ಟುಕೊಂಡಿರಲಿಲ್ಲ. ಈ ಕಂಪನಾಂಕಗಳನ್ನು ನಿಯಮಗಳ ಪ್ರಕಾರ ಲೆಕ್ಕಹಾಕಿ ಆಗಿಂದಾಗ ದನಿಯನ್ನು ಹುಟ್ಟಿಸುತ್ತಿತ್ತು. ಇದರಿಂದ ಒಂದು ಪದವು ಸದಾ ಒಂದೇ ರೀತಿ ಕೇಳುತ್ತದೆ, ಉಚ್ಚಾರ ತಪ್ಪಾದರೂ ಅದೇ ತಪ್ಪು ಪ್ರತಿಸಲವೂ ಬರುವುದರಿಂದ ಕಿವಿ ಅದನ್ನು ಬೇಗ ಕಲಿತುಬಿಡುತ್ತದೆ. ವೇಗ ಹೆಚ್ಚಿಸಿದಾಗ ವ್ಯಂಜನಗಳು ಕಲಸಿಹೋಗುವುದೂ ಕಡಿಮೆ. ಸಾಮಾನ್ಯವಾಗಿ ನಾವು ಇಂಗ್ಲಿಷನ್ನು ನಿಮಿಷಕ್ಕೆ 150ರಷ್ಟು ಪದಗಳ ವೇಗದಲ್ಲಿ ಮಾತನಾಡಿದರೆ, ಪಳಗಿದ ಅಂಧ ಬಳಕೆದಾರರು 400ಕ್ಕೂ ಹೆಚ್ಚು ಪದಗಳ ವೇಗದಲ್ಲಿ ಕೇಳಿ ಅರ್ಥಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ಕುಳಿತವರಿಗೆ ಅದು ಬರೀ ಗುಂಯ್‌ಗುಟ್ಟುವಿಕೆ. ಕೀಲಿ ಒತ್ತಿದೊಡನೆ ಮಾತು ಶುರುವಾಗಬೇಕು, ಮುಂದಿನ ಕೀಲಿಗೆ ತಟ್ಟನೆ ನಿಲ್ಲಬೇಕು. ಸಹಜವೆನಿಸುವ ಹೊಸ ದನಿಗಳಲ್ಲಿ ಹಲವು ಇಲ್ಲಿಯೇ ಹಿಂದೆ ಬೀಳುತ್ತವೆ. ಅಕ್ಷರದಿಂದ ಅಕ್ಷರಕ್ಕೆ ಸಾಗುತ್ತಾ ತಿದ್ದುವವರಿಗೆ ಅರೆಕ್ಷಣದ ತಡವೂ ದಿನದ ಕೊನೆಗೆ ದೊಡ್ಡ ದಣಿವಾಗುತ್ತದೆ.

ವಿಂಡೋಸ್‌ಗೂ ಮುಂಚಿನ, ಬರೀ ಅಕ್ಷರಗಳ 'ಡಾಸ್' ವ್ಯವಸ್ಥೆಯ ಕಾಲದ ನೆನಪು ಹಿತವಾಗಿರುವುದಕ್ಕೆ ಪರದೆಯೂ ಕಾರಣ. ಆಗಿನ ಪರದೆಯೆಂದರೆ 25 ಸಾಲು, ಸಾಲಿಗೆ 80 ಅಕ್ಷರ. ಅವೆಲ್ಲ ಕಂಪ್ಯೂಟರಿನ ನೆನಪಿನಲ್ಲಿ ಅಕ್ಷರಗಳಾಗಿಯೇ ಇರುತ್ತಿದ್ದುದರಿಂದ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ, ಅವನ್ನು ನೇರವಾಗಿ ಎತ್ತಿ ಓದುತ್ತಿತ್ತು. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಮೋಟಾರ್‌ಸೈಕಲ್ ರೇಸ್ ಪಟು ಟೆಡ್ ಹೆಂಟರ್ ಕಟ್ಟಿದ ಸ್ಕ್ರೀನ್ ರೀಡರ್ 'ಜಾಸ್' 1989ರಲ್ಲಿ ಹೊರಬಂದದ್ದು ಇಂಥ ಪರದೆಗಾಗಿಯೇ. ವಿಂಡೋಸ್ ಬಂದಾಗ ಅಕ್ಷರಗಳು ಚಿತ್ರಗಳಾದವು, ಅವನ್ನು ಹಾಗೆ ನೇರವಾಗಿ ಎತ್ತಿ ಓದುವಂತಿರಲಿಲ್ಲ, ಕೈಯಲ್ಲಿದ್ದ ಉದ್ಯೋಗವೇ ಹೋದೀತೆಂಬ ಭಯ ಅನೇಕರನ್ನು ಕಾಡಿತು. ವಿಂಡೋಸ್‌ಗೆ ಜಾಸ್ ಬಂದದ್ದು 1995ರಲ್ಲಿ.

ಪುಣೆಯಲ್ಲಿ ಹುಟ್ಟಿ, ಬಾಲ್ಯದಲ್ಲಿ ದೃಷ್ಟಿ ಕಳೆದುಕೊಂಡ ಟಿ. ವಿ. ರಾಮನ್ ಅವರನ್ನು ಇಲ್ಲಿ ನೆನೆಯಲೇಬೇಕು. 1994ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ಗಣಿತದ ಸೂತ್ರಗಳನ್ನು ಗಟ್ಟಿಯಾಗಿ ಓದುವ ವ್ಯವಸ್ಥೆಯನ್ನು ರೂಪಿಸಿದರು. ಘಾತಾಂಕ ಬಂದಾಗ ದನಿಯ ಸ್ಥಾಯಿಯನ್ನೇ ಬದಲಿಸಿ ತಿಳಿಸುವುದು ಅದರ ಉಪಾಯಗಳಲ್ಲೊಂದು. ಲೆಕ್ಕದಿಂದ ಹುಟ್ಟಿಸುವ ದನಿಯನ್ನು ಹೀಗೆ ಬೇಕಾದಂತೆ ಬಾಗಿಸಬಹುದು.

ಕನ್ನಡ ಓದುಗರಿಗೆ ಈ ವಿಧಾನ ದೂರದ್ದೇನೂ ಅಲ್ಲ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ ಜೊತೆಗೇ ಬರುವ 'ಇ-ಸ್ಪೀಕ್' ದನಿಯೂ ಇದೇ ವಂಶದ್ದು, ಅದು ಕನ್ನಡವನ್ನೂ ಓದುತ್ತದೆ. ಮೊದಲ ಸಲ ಕೇಳಿದವರಿಗೆ ಕಬ್ಬಿಣ ಕುಟ್ಟಿದಂತೆ ಅನಿಸುವುದು ನಿಜ. ಆದರೆ ದೊಡ್ಡ ಧ್ವನಿಮುದ್ರಣಗಳ ಹೊರೆಯಿಲ್ಲದ ಆ ತಂತ್ರಾಂಶ ಕೆಲವೇ ಎಂಬಿಗಳಲ್ಲಿ ಹಿಡಿಸುತ್ತದೆ, ಇಂಟರ್‌ನೆಟ್ ಬೇಡುವುದಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಕೀಲಿ ಒತ್ತಿದ ಮರುಕ್ಷಣವೇ ಕನ್ನಡದಲ್ಲಿ ಉತ್ತರಿಸುತ್ತದೆ.